ಅಂಗಡಿಯವರು ನಿಮ್ಮ ಪಿಡಿಎಫ್ ಏಕೆ ಮಾರಬೇಕು?

ಪ್ರಶ್ನೆ: ನಾವು ಮೂವರು ಸ್ನೇಹಿತರು ಸೇರಿ ಕನ್ನಡದಲ್ಲಿ ಒಂದು ರೋಲ್‌ಪ್ಲೇಯಿಂಗ್ ಗೇಮ್ ಪುಸ್ತಕ ಬರೆದಿದ್ದೇವೆ. ಪಾಳೆಯಗಾರರ ಕಾಲದ ಕಥೆಗಳು, 140 ಪುಟ. ನಿಯಮಗಳ ಬುನಾದಿ ಡಂಜನ್ಸ್ ಅಂಡ್ ಡ್ರಾಗನ್ಸ್ ಐದನೆಯ ಆವೃತ್ತಿಯದು. ಪಿಡಿಎಫ್ ಸಿದ್ಧವಿದೆ, ಮುದ್ರಣಕ್ಕೆ ಹಣ ಹಾಕುವ ಧೈರ್ಯ ಇನ್ನೂ ಬಂದಿಲ್ಲ. ಬೆಂಗಳೂರಿನ ಬೋರ್ಡ್‌ಗೇಮ್ ಅಂಗಡಿಗಳ ಮೂಲಕವೇ ಇದನ್ನು ಮಾರಬೇಕೆಂಬ ಆಸೆ, ಏಕೆಂದರೆ ಆಡುವವರು ಬರುವುದು ಅಲ್ಲಿಗೆ. ಇಬ್ಬರು ಅಂಗಡಿಯವರನ್ನು ಕೇಳಿ ನೋಡಿದೆವು. ‘ಪಿಡಿಎಫ್ ಆದರೆ ಜನ ಮನೆಯಲ್ಲೇ ಕೂತು ಕೊಳ್ಳುತ್ತಾರೆ, ನಡುವೆ ನಾನು ಯಾಕೆ?’ ಎಂದರು ಒಬ್ಬರು. ‘ಒಂದು ಪ್ರತಿ ಮಾರಿದರೆ ಅದು ವಾಟ್ಸ್‌ಆ್ಯಪ್‌ನಲ್ಲಿ ಐವತ್ತು ಜನರಿಗೆ ಹೋಗುತ್ತದೆ’ ಎಂದರು ಇನ್ನೊಬ್ಬರು. ನಮಗೆ ದಾರಿ ಇದೆಯೇ? ಬೆಲೆ ಎಷ್ಟಿಡಬೇಕು, ಅಂಗಡಿಗೆ ಎಷ್ಟು ಕೊಡಬೇಕು?
— ಓದುಗರು, ರಾಜಾಜಿನಗರ

ಉತ್ತರ: ದಾರಿ ಇದೆ. ಆದರೆ ‘ನಡುವೆ ನಾನು ಯಾಕೆ?’ ಎಂಬ ಪ್ರಶ್ನೆಗೆ ನಿಮ್ಮ ಹತ್ತಿರ ನೇರವಾದ ಉತ್ತರ ಇಲ್ಲದಿದ್ದರೆ ಬೆಲೆ, ಕಮಿಷನ್ ಮಾತೆಲ್ಲ ಆಮೇಲಿನದು. ಆ ಅಂಗಡಿಯವರು ಕೇಳಿದ್ದು ಸರಿಯಾದ ಪ್ರಶ್ನೆ.

ಈ ಆಟ ಗೊತ್ತಿಲ್ಲದ ಓದುಗರಿಗೆ ಒಂದು ಮಾತು. ನಾಲ್ಕೈದು ಜನ ಮೇಜಿನ ಸುತ್ತ ಕೂರುತ್ತಾರೆ. ಒಬ್ಬರು ಕಥೆ ನಡೆಸುತ್ತಾರೆ, ಉಳಿದವರು ಒಂದೊಂದು ಪಾತ್ರ ವಹಿಸಿ ಆ ಪಾತ್ರವಾಗಿಯೇ ಮಾತನಾಡುತ್ತಾರೆ. ಗೆಲುವು ಸೋಲು ದಾಳದ ಮೇಲೆ. ತಾಳಮದ್ದಳೆ ಕಂಡವರಿಗೆ ಇದು ಬೇಗ ಅರ್ಥವಾಗುತ್ತದೆ: ವೇಷವಿಲ್ಲ, ರಂಗಸಜ್ಜಿಕೆಯಿಲ್ಲ, ಪ್ರಸಂಗದ ಚೌಕಟ್ಟಿನೊಳಗೆ ಅರ್ಥಧಾರಿಗಳು ಆ ಕ್ಷಣಕ್ಕೆ ಹುಟ್ಟಿಸಿಕೊಳ್ಳುವ ಮಾತೇ ಎಲ್ಲ. 1974ರಲ್ಲಿ ಅಮೆರಿಕದಲ್ಲಿ ಡಂಜನ್ಸ್ ಅಂಡ್ ಡ್ರಾಗನ್ಸ್ ಪ್ರಕಟವಾದಾಗಿನಿಂದ ಇದು ಪುಸ್ತಕಗಳ ಮೇಲೆ ನಿಂತ ವ್ಯಾಪಾರವಾಗಿ ಬೆಳೆದಿದೆ.

ಇಂಥ ಪುಸ್ತಕವನ್ನು ಮುಖಪುಟ ನೋಡಿ ಕೊಳ್ಳುವವರು ಕಡಿಮೆ. ಒಮ್ಮೆ ಆಡಿದವರು, ಅಥವಾ ಆಡಿದ ಸ್ನೇಹಿತರ ಬಾಯಲ್ಲಿ ಕೇಳಿದವರು ಕೊಳ್ಳುತ್ತಾರೆ. ಕಾದಂಬರಿಯನ್ನು ಒಬ್ಬರೇ ಓದಿ ಮುಗಿಸಬಹುದು. ನಿಮ್ಮ ಪುಸ್ತಕ ಕೊಂಡವನಿಗೆ ಇನ್ನೂ ಮೂರು ಜನ ಬೇಕು, ಒಂದು ಮೇಜು ಬೇಕು, ಭಾನುವಾರದ ಮೂರು ಗಂಟೆ ಬೇಕು. ಇವು ಸಿಗದಿದ್ದರೆ ಪಿಡಿಎಫ್ ಮೊಬೈಲಿನ ಯಾವುದೋ ಫೋಲ್ಡರಿನಲ್ಲಿ ಬಿದ್ದಿರುತ್ತದೆ, ಎರಡನೆಯ ಪುಸ್ತಕವನ್ನು ಆತ ಕೊಳ್ಳುವುದೇ ಇಲ್ಲ. ಆ ಮೂರು ಜನರನ್ನೂ ಮೇಜನ್ನೂ ಹೊಂದಿಸಿಕೊಡುವವರು ಅಂಗಡಿಯವರು. ನೀವು ಅವರಿಗೆ ಕೊಡುವ ಪಾಲು ಈ ಕೆಲಸದ ಕೂಲಿ. ಫೈಲು ಇಳಿಸಿಕೊಡುವುದಕ್ಕೆ ಕೊಡುವ ಹಣ ಎಂದುಕೊಂಡರೆ ಒಂದು ರೂಪಾಯಿಯೂ ಹೆಚ್ಚೇ ಅನಿಸುತ್ತದೆ.

ಈ ತಗಾದೆ ಬೆಂಗಳೂರಿಗೆ ಹೊಸದಿರಬಹುದು, ಅಮೆರಿಕದ ಅಂಗಡಿಗಳು ಇದನ್ನು ಬಹಳ ವರ್ಷದಿಂದ ಹೊತ್ತಿವೆ. ಅಲ್ಲಿ ಡ್ರೈವ್‌ಥ್ರೂಆರ್‌ಪಿಜಿಯಂಥ ತಾಣ 2004ರಲ್ಲಿಯೇ ಪಿಡಿಎಫ್ ಮಾರಲು ಆರಂಭಿಸಿತು. ಅಂಗಡಿಯಲ್ಲಿ ಪುಸ್ತಕ ತಿರುವಿ ನೋಡಿ, ಮನೆಗೆ ಹೋಗಿ ಅಗ್ಗದ ಪಿಡಿಎಫ್ ಕೊಳ್ಳುವ ಗಿರಾಕಿಗಳು ಹೆಚ್ಚಿದರು. 2010ರಲ್ಲಿ ಇವಿಲ್ ಹ್ಯಾಟ್ ಮುಂತಾದ ಕೆಲವು ಸಣ್ಣ ಪ್ರಕಾಶಕರು ಸೇರಿ ‘ಬಿಟ್ಸ್ ಅಂಡ್ ಮಾರ್ಟರ್’ ಎಂಬ ಏರ್ಪಾಟು ಮಾಡಿಕೊಂಡರು. ಅದರ ತಿರುಳು ಸರಳ: ಊರಿನ ಅಂಗಡಿಯಲ್ಲಿ ಮುದ್ರಿತ ಪುಸ್ತಕ ಕೊಂಡವರಿಗೆ ಪಿಡಿಎಫ್ ಉಚಿತ, ಅದನ್ನು ಗಿರಾಕಿಗೆ ಕಳಿಸಿಕೊಡುವುದು ಅಂಗಡಿಯವರೇ. ಅಂಗಡಿಗೆ ಹೆಚ್ಚುವರಿ ಖರ್ಚಿಲ್ಲ, ಪ್ರಕಾಶಕನಿಗೂ ಇಲ್ಲ. ಗಿರಾಕಿಗೆ ಮಾತ್ರ ಅಂಗಡಿಗೇ ಬರಲು ಒಂದು ಗಟ್ಟಿ ಕಾರಣ. ಡಂಜನ್ಸ್ ಅಂಡ್ ಡ್ರಾಗನ್ಸ್ ಪ್ರಕಟಿಸುವ ದೊಡ್ಡ ಕಂಪನಿಯಾದ ವಿಝರ್ಡ್ಸ್ ಆಫ್ ದಿ ಕೋಸ್ಟ್ 2022ರಲ್ಲಿ ಮುದ್ರಿತ ಮತ್ತು ಡಿಜಿಟಲ್ ಪ್ರತಿಗಳ ಜೋಡಿಯನ್ನು ತನ್ನ ಆನ್‌ಲೈನ್ ಅಂಗಡಿಯಲ್ಲಿಯೇ ಮಾರಲು ಶುರು ಮಾಡಿತು. ಅಷ್ಟು ದೊಡ್ಡ ಹೆಸರಿದ್ದವರಿಗೆ ಅದು ನಡೆದೀತು. ನಿಮಗೆ ನಡೆಯುವುದಿಲ್ಲ, ನಡೆಸಲೂಬಾರದು.

ಹಾಗಾಗಿ ನನ್ನ ಮೊದಲ ಸಲಹೆ ನಿಮಗೆ ಇಷ್ಟವಾಗಲಿಕ್ಕಿಲ್ಲ: ಮುದ್ರಿಸಿ. ಸಾವಿರ ಪ್ರತಿ ಅಲ್ಲ, ನೂರು ಸಾಕು. ಆಫ್‌ಸೆಟ್ ಮುದ್ರಣದ ಕಾಲದಲ್ಲಿ ನೂರು ಪ್ರತಿ ಕೇಳಿದರೆ ಪ್ರೆಸ್ಸಿನವರು ಮುಖ ತಿರುಗಿಸುತ್ತಿದ್ದರು. ಈಗ ಚಾಮರಾಜಪೇಟೆ, ಕಾಟನ್‌ಪೇಟೆಯ ಕಡೆ ಡಿಜಿಟಲ್ ಮುದ್ರಣದವರು ಐವತ್ತು ಪ್ರತಿಯನ್ನೂ ಮಾಡಿಕೊಡುತ್ತಾರೆ. ಒಳಪುಟ ಕಪ್ಪುಬಿಳುಪು, ರಕ್ಷಾಪುಟ ಮಾತ್ರ ಬಣ್ಣ. ಅಂಗಡಿಯ ಕಪಾಟಿನಲ್ಲಿ ಬೆನ್ನು ತೋರಿಸಿ ನಿಲ್ಲುವ ವಸ್ತು ಒಂದಿಲ್ಲದಿದ್ದರೆ ಅಂಗಡಿಯವರಿಗೆ ನಿಮ್ಮ ಆಟ ಇದೆ ಎಂಬುದೇ ನೆನಪಿರುವುದಿಲ್ಲ.

ಮುದ್ರಿಸಲು ಇನ್ನೊಂದು ಕಾರಣ ತೆರಿಗೆ. ಮುದ್ರಿತ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ. ಇ-ಪುಸ್ತಕಕ್ಕೆ ಮೊದಲು ಶೇ 18 ಇತ್ತು. 2018ರ ಜುಲೈಯಲ್ಲಿ ಅದನ್ನು ಶೇ 5ಕ್ಕೆ ಇಳಿಸಿದರು, ಆದರೆ ಅದೇ ಪುಸ್ತಕ ಮುದ್ರಣದಲ್ಲೂ ಇದ್ದರೆ ಮಾತ್ರ. ಅಂದರೆ ನಿಮ್ಮ ನೂರು ಪ್ರತಿಗಳು ಪಿಡಿಎಫ್ ಮೇಲಿನ ತೆರಿಗೆಯನ್ನೂ ಇಳಿಸುತ್ತವೆ. ಪುಸ್ತಕದ ಜತೆ ದಾಳ, ಟೋಕನ್ ಹಾಕಿ ಪೆಟ್ಟಿಗೆ ಮಾಡುವ ಯೋಚನೆಯಿದ್ದರೆ ಮೊದಲು ಲೆಕ್ಕಪರಿಶೋಧಕರನ್ನು ಕೇಳಿ. ಅದು ಪುಸ್ತಕವಾಗಿ ಉಳಿಯದೆ ಆಟದ ಸಾಮಾನಿನ ಲೆಕ್ಕಕ್ಕೆ ಹೋಗಬಹುದು. ಪುಸ್ತಕದ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್ ಕೂಡ ಪಡೆಯಿರಿ. ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಐಎಸ್‌ಬಿಎನ್ ಸಂಸ್ಥೆ ಅದನ್ನು ಉಚಿತವಾಗಿ ಕೊಡುತ್ತದೆ. ಮುದ್ರಿತ ಪ್ರತಿಗೆ ಒಂದು ಸಂಖ್ಯೆ, ಡಿಜಿಟಲ್ ಪ್ರತಿಗೆ ಬೇರೆ ಸಂಖ್ಯೆ.

ಇನ್ನು ಬರೀ ಪಿಡಿಎಫ್ ಬೇಕೆನ್ನುವವರು. ಅವರಲ್ಲಿ ಹೆಚ್ಚಿನವರು ವಿದ್ಯಾರ್ಥಿಗಳು, ಅವರನ್ನು ಕೈಬಿಡುವುದು ತಪ್ಪು. ಅವರಿಗಾಗಿ ಕಾರ್ಡ್ ಮಾಡಿಸಿ. ಹಿಂದೆ ಮೊಬೈಲ್ ರೀಚಾರ್ಜ್‌ಗೆ ಉಜ್ಜುವ ಕಾರ್ಡ್ ಬರುತ್ತಿತ್ತಲ್ಲ, ಅದೇ ಬಗೆಯದು. ಮುಂದೆ ನಿಮ್ಮ ಚಿತ್ರ, ಹಿಂದೆ ಕ್ಯೂಆರ್ ಕೋಡ್, ಉಜ್ಜಿದರೆ ಕಾಣುವ ಒಂದು ಸಂಕೇತ. ಆ ಸಂಕೇತ ಒಮ್ಮೆ ಮಾತ್ರ ಕೆಲಸ ಮಾಡಬೇಕು. ಡಿಜಿಟಲ್ ಆಟ, ಪುಸ್ತಕ ಮಾರುವ ಇಚ್.ಐಒದಂಥ ತಾಣದಲ್ಲಿ ಇಂಥ ಡೌನ್‌ಲೋಡ್ ಕೀಲಿಗಳನ್ನು ನೀವೇ ತಯಾರಿಸಿಕೊಳ್ಳಬಹುದು. ಕಾರ್ಡಿಗೆ ದಪ್ಪ ಕಾಗದ ಬಳಸಿ. ಮದುವೆ ಕಾಗದ ಮಾಡುವ ಸುಲ್ತಾನ್‌ಪೇಟೆಯಲ್ಲಿ ವಿಚಾರಿಸಿದರೆ ಒಳ್ಳೆಯ ಕಾಗದ ಸಿಗುತ್ತದೆ. ವಿಸಿಟಿಂಗ್ ಕಾರ್ಡಿನಷ್ಟು ಚಿಕ್ಕದು ಬೇಡ; ಅಂಗೈ ಅಗಲ ಇರಲಿ, ಗೋಡೆಯ ಕೊಕ್ಕೆಗೆ ತೂಗು ಹಾಕಲು ಮೇಲೆ ತೂತಿರಲಿ. ಹುಟ್ಟುಹಬ್ಬಕ್ಕೆ ಉಡುಗೊರೆ ಕೊಡುವವರು ಇಂಥ ಕಾರ್ಡನ್ನೇ ಕೊಳ್ಳುತ್ತಾರೆ. ಫೈಲಿನ ಕೊಂಡಿಯನ್ನು ಕಾಗದದಲ್ಲಿ ಸುತ್ತಿ ಕೊಡಲಾಗದು.

ಕಾರ್ಡ್ ಮಾರಾಟವಾಗುವ ಗಳಿಗೆಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಶನಿವಾರ ಸಂಜೆ, ಅಂಗಡಿ ತುಂಬಿದೆ. ಹುಡುಗಿಯೊಬ್ಬಳು ಹಣ ಕೊಟ್ಟು ಕಾರ್ಡ್ ಉಜ್ಜಿ, ಕೋಡ್ ಸ್ಕ್ಯಾನ್ ಮಾಡುತ್ತಾಳೆ. ಅಂಗಡಿ ನೆಲಮಾಳಿಗೆಯಲ್ಲಿದೆ, ನೆಟ್‌ವರ್ಕ್ ಒಂದು ಗೆರೆ. ನಿಮ್ಮ ಪಿಡಿಎಫ್ 180 ಎಂಬಿ. ಇಳಿಯುವುದು ಅರ್ಧಕ್ಕೆ ನಿಲ್ಲುತ್ತದೆ, ಸಂಕೇತ ಬಳಕೆಯಾಗಿದೆ ಎಂದು ಪರದೆ ಹೇಳುತ್ತದೆ. ಅವಳು ನೋಡುವುದು ಅಂಗಡಿಯವರ ಮುಖ. ಅವರ ಹಿಂದೆ ಇನ್ನೂ ನಾಲ್ಕು ಗಿರಾಕಿಗಳು. ಇಂಥದ್ದು ಎರಡು ಸಲ ಆದರೆ ಅಂಗಡಿಯವರು ನಿಮ್ಮ ಕಾರ್ಡುಗಳನ್ನು ಗಲ್ಲಾಪೆಟ್ಟಿಗೆಯ ಕೆಳಗಿನ ಡ್ರಾಯರಿಗೆ ಸರಿಸುತ್ತಾರೆ, ಅವರನ್ನು ದೂರುವ ಹಾಗೂ ಇಲ್ಲ. ಆದ್ದರಿಂದ ಸಂಕೇತ ಹಾಕಿದ ಕೂಡಲೇ ಕೊಂಡವರ ಇ-ಮೇಲ್ ವಿಳಾಸಕ್ಕೆ ಕೊಂಡಿ ಹೋಗಬೇಕು, ಮನೆಗೆ ಹೋಗಿ ಮತ್ತೆ ಇಳಿಸಿಕೊಳ್ಳಲು ಆಗಬೇಕು. ಕಾರ್ಡಿನ ಮೇಲೆ ನಿಮ್ಮ ಫೋನ್ ನಂಬರ್ ಇರಬೇಕು, ತೊಂದರೆಯಾದರೆ ಕರೆ ನಿಮಗೆ ಬರಬೇಕು. ಮೊಬೈಲಿಗೆಂದು ಹಿನ್ನೆಲೆ ಚಿತ್ರಗಳಿಲ್ಲದ, 20 ಎಂಬಿ ಒಳಗಿನ ಹಗುರ ಪ್ರತಿಯೊಂದು ಜತೆಗಿರಲಿ.

ಫೈಲಿನ ಬಗ್ಗೆ ಇನ್ನೂ ಸ್ವಲ್ಪ ಹೇಳಬೇಕು, ಏಕೆಂದರೆ ಕನ್ನಡದಲ್ಲಿ ಮಾಡುವವರು ಮುಗ್ಗರಿಸುವುದು ಇಲ್ಲಿಯೇ. ನಮ್ಮ ಡಿಟಿಪಿಯವರಲ್ಲಿ ಅನೇಕರು ಇಂದಿಗೂ ಹಳೆಯ ನುಡಿ, ಶ್ರೀಲಿಪಿ ಫಾಂಟುಗಳಲ್ಲಿ ಪುಟ ಕಟ್ಟುತ್ತಾರೆ. ಕಾಗದದ ಮೇಲೆ ಅದು ಚೆನ್ನಾಗಿಯೇ ಕಾಣುತ್ತದೆ. ಪಿಡಿಎಫ್ ಆದಾಗ ಒಳಗಿರುವುದು ಕನ್ನಡ ಅಕ್ಷರವಲ್ಲ, ಕನ್ನಡದಂತೆ ಕಾಣುವ ಇಂಗ್ಲಿಷ್ ಸಂಕೇತ. ಆಟದ ನಡುವೆ ಒಬ್ಬನಿಗೆ ಹಾವು ಕಚ್ಚಿತು, ವಿಷದ ನಿಯಮ ಯಾವ ಪುಟದಲ್ಲಿದೆ ಎಂದು ಮೊಬೈಲಿನಲ್ಲಿ ‘ವಿಷ’ ಎಂದು ಹುಡುಕಿದರೆ ಏನೂ ಸಿಗುವುದಿಲ್ಲ. ಐದು ಜನ ಕಾಯುತ್ತ ಕೂರುತ್ತಾರೆ. ಹುಡುಕಲಾಗದ ನಿಯಮಪುಸ್ತಕವನ್ನು ಡಿಜಿಟಲ್ ಎಂದು ಹಣ ಪಡೆದು ಮಾರುವುದು ನನಗಂತೂ ಸರಿ ಕಾಣುವುದಿಲ್ಲ. ನಿಮ್ಮ ಪಿಡಿಎಫ್‌ನಿಂದ ಒಂದು ಪ್ಯಾರಾ ನಕಲು ಮಾಡಿ ವಾಟ್ಸ್‌ಆ್ಯಪ್‌ನಲ್ಲಿ ಅಂಟಿಸಿ ನೋಡಿ. ಕನ್ನಡ ಬಂದರೆ ಸರಿ, ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಬಂದರೆ ಇಡೀ ಪಠ್ಯವನ್ನು ಯುನಿಕೋಡ್‌ಗೆ ಬದಲಿಸಿ ಮತ್ತೆ ಪುಟ ಕಟ್ಟಿಸಬೇಕು. ಯುನಿಕೋಡ್‌ನಲ್ಲಿ ಮಾಡಿದರೂ ಪಿಡಿಎಫ್ ಒಳಗೆ ಒತ್ತಕ್ಷರಗಳು ಕೆಲವೊಮ್ಮೆ ಅದಲುಬದಲಾಗಿ ಹುಡುಕಾಟ ತಪ್ಪುತ್ತದೆ. ಅದಕ್ಕೆ ಪಿಡಿಎಫ್ ಜತೆಗೆ ಇಪಬ್ (ಇ-ಪುಸ್ತಕಗಳಿಗೆಂದೇ ಇರುವ ಫೈಲಿನ ಬಗೆ) ಪ್ರತಿಯನ್ನೂ ಕೊಡಿ. ಅದರಲ್ಲಿ ಪಠ್ಯ ಪಠ್ಯವಾಗಿಯೇ ಇರುತ್ತದೆ, ಹುಡುಕಾಟ ಸರಿಯಾಗಿ ನಡೆಯುತ್ತದೆ, ಪರದೆಯ ಅಳತೆಗೆ ಅಕ್ಷರವೂ ಹೊಂದಿಕೊಳ್ಳುತ್ತದೆ. ಪಾತ್ರದ ವಿವರ ಬರೆದುಕೊಳ್ಳುವ ಹಾಳೆಗಳನ್ನು ಬೇರೆ ಫೈಲಾಗಿ ಇಡಿ, ಬೀದಿಕೊನೆಯ ಜೆರಾಕ್ಸ್ ಅಂಗಡಿಯಲ್ಲಿ ತೆಗೆಸುವಂತೆ ಎ4 ಅಳತೆಯಲ್ಲಿ, ಕಪ್ಪುಬಿಳುಪಿನಲ್ಲಿ.

ಬೆಲೆಗೆ ಬರೋಣ. ನಿಮ್ಮ ಪುಸ್ತಕಕ್ಕೆ ಮುದ್ರಿತ ಪ್ರತಿ 500 ರೂಪಾಯಿ, ಕಾರ್ಡ್ 250 ರೂಪಾಯಿ ಎಂದಿಟ್ಟುಕೊಳ್ಳಿ. ಕನ್ನಡ ಪುಸ್ತಕದ ಅಂಗಡಿಗಳು ಸಾಮಾನ್ಯವಾಗಿ ಶೇ 30ರಿಂದ 40ರವರೆಗೆ ಕೇಳುತ್ತವೆ. ಮುದ್ರಿತ ಪ್ರತಿಗೆ ಶೇ 35 ಕೊಡಿ: ಅಂಗಡಿಗೆ 175, ನಿಮಗೆ 325, ಅದರಲ್ಲಿ ಮುದ್ರಣದ ಖರ್ಚು ಕಳೆಯಬೇಕು. ಕಾರ್ಡಿಗೆ ಶೇ 30 ಕೊಡಿ: ಅಂಗಡಿಗೆ 75, ನಿಮಗೆ 175. ‘ಫೈಲಿಗೆ ಶೇ 30 ಯಾಕೆ?’ ಎಂದು ನಿಮ್ಮಲ್ಲೊಬ್ಬರು ಕೇಳುವುದು ಖಂಡಿತ. ಡ್ರೈವ್‌ಥ್ರೂಆರ್‌ಪಿಜಿ ಪ್ರಕಾಶಕರಿಗೆ ಕೊಡುತ್ತಾ ಬಂದಿರುವುದು ಬೆಲೆಯ ಶೇ 65, ಬೇರೆಲ್ಲೂ ಮಾರುವುದಿಲ್ಲವೆಂದು ಒಪ್ಪಿದರೆ ಶೇ 70. ಅಂದರೆ ಅದೇ 250 ರೂಪಾಯಿಗೆ ಅಲ್ಲಿಯೂ ನಿಮಗೆ ಬರುವುದು 162 ರೂಪಾಯಿ 50 ಪೈಸೆ, ಹೆಚ್ಚೆಂದರೆ 175. ಸಮುದ್ರದಾಚೆಯ ತಾಣಕ್ಕೆ ಮರುಮಾತಿಲ್ಲದೆ ಬಿಟ್ಟುಕೊಡುವ ಪಾಲನ್ನು, ನಿಮ್ಮ ಆಟಕ್ಕೆ ಮೇಜು ಹಾಕಿಕೊಡುವ ಇಂದಿರಾನಗರದ ಅಂಗಡಿಗೆ ಕೊಡುವಾಗ ಚೌಕಾಸಿ ಮಾಡಬೇಡಿ. ಇಚ್.ಐಒದಲ್ಲಿ ತಾಣದ ಪಾಲನ್ನು ನೀವೇ ನಿಗದಿ ಮಾಡಬಹುದು, ಸಾಮಾನ್ಯವಾಗಿ ಶೇ 10 ಇರುತ್ತದೆ. ಅಲ್ಲಿ ಉಳಿಯುವ ಹಣ ಹೆಚ್ಚು, ನಿಜ. ಆದರೆ ಆ ಉಳಿತಾಯವನ್ನು ರಿಯಾಯಿತಿಯಾಗಿ ಬಿಟ್ಟುಕೊಟ್ಟು 180ಕ್ಕೆ ಆನ್‌ಲೈನ್‌ನಲ್ಲಿ ಮಾರಿದ ದಿನ ಅಂಗಡಿಯೊಂದಿಗಿನ ನಂಟು ಮುಗಿಯಿತು. ಬೆಲೆ ಎಲ್ಲೆಡೆ ಒಂದೇ ಇರಲಿ. ದೀಪಾವಳಿಗೋ ರಾಜ್ಯೋತ್ಸವಕ್ಕೋ ರಿಯಾಯಿತಿ ಕೊಡುವುದಾದರೆ ಅಂಗಡಿಗೆ ಮೊದಲೇ ತಿಳಿಸಿ, ಅಲ್ಲಿಯೂ ಕೊಡಿ.

ಮುದ್ರಿತ ಪ್ರತಿಯ ಜತೆ ಪಿಡಿಎಫ್ ಉಚಿತವಾಗಿರಲಿ, ಅದಕ್ಕೆ ಬೇರೆ ಹಣ ಕೇಳಬೇಡಿ. ಅಂಗಡಿಯಲ್ಲಿ ಕೊಂಡವರಿಗೆ ಮಾತ್ರ ಸಿಗುವ ಎಂಟು ಪುಟದ ಒಂದು ಸಣ್ಣ ಸಾಹಸವನ್ನೂ, ಅಂದರೆ ಆಡಲು ಸಿದ್ಧವಾದ ಕಥೆಯನ್ನೂ, ಬರೆದು ಕೊಡಿ. ನಿಮಗೆ ಅದು ಒಂದು ವಾರದ ಬರವಣಿಗೆ, ಅಂಗಡಿಗೆ ಆನ್‌ಲೈನ್‌ನವರ ಹತ್ತಿರ ಇಲ್ಲದ ಸರಕು.

ಹಣದ ವ್ಯವಹಾರ ಹೇಗಿರಬೇಕೆಂಬುದರಲ್ಲಿ ನನ್ನ ಅಭಿಪ್ರಾಯ ಖಚಿತ. ಮುದ್ರಿತ ಪುಸ್ತಕವನ್ನು ‘ಮಾರಿದ ಮೇಲೆ ಕೊಡಿ’ ಎಂದು ಬಿಟ್ಟು ಬರುವುದು ನಮ್ಮಲ್ಲಿ ರೂಢಿ. ಐದು ಪ್ರತಿಯನ್ನು ಹಾಗೆ ಬಿಡಿ, ತಪ್ಪಿಲ್ಲ. ಕಾರ್ಡುಗಳನ್ನು ಮಾತ್ರ ಹತ್ತರ ಕಟ್ಟಿನಲ್ಲಿ, ಬಿಲ್ಲು ಹಾಕಿ, ನೇರವಾಗಿ ಮಾರಿ; ಮಾರಾಟವಾಗದೆ ಉಳಿದದ್ದನ್ನು ಆರು ತಿಂಗಳೊಳಗೆ ವಾಪಸ್ ತೆಗೆದುಕೊಳ್ಳುವುದಾಗಿ ಬರೆದುಕೊಡಿ. ಕಾರಣವಿದೆ. 2025ರ ಜುಲೈಯಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ಆಧರಿಸಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಾಗ ಬೇಕರಿ, ಕಾಂಡಿಮೆಂಟ್ಸ್‌ಗಳ ಮುಂದೆ ‘ನಗದು ಮಾತ್ರ’ ಎಂಬ ಫಲಕ ತೂಗಿದ್ದು ನಿಮಗೂ ನೆನಪಿರಬಹುದು. ಅಂದಿನಿಂದ ಸಣ್ಣ ಅಂಗಡಿಯವರಿಗೆ ತಮ್ಮ ಖಾತೆಗೆ ಬರುವ ಪ್ರತಿ ರೂಪಾಯಿಗೂ ಕಾಗದ ಇರಬೇಕೆಂಬ ಎಚ್ಚರ ಹೆಚ್ಚಾಗಿದೆ. ‘ಗಿರಾಕಿಯಿಂದ 250 ನೀವು ತೆಗೆದುಕೊಳ್ಳಿ, 175 ನಮಗೆ ಫೋನ್‌ಪೇ ಮಾಡಿ’ ಎಂಬ ಬಾಯಿಮಾತಿನ ಏರ್ಪಾಟನ್ನು ಅವರ ಮುಂದಿಡಬೇಡಿ. ಖರೀದಿ ಬಿಲ್ಲು, ಮಾರಾಟದ ಬಿಲ್ಲು ಎರಡೂ ಇದ್ದರೆ ಅವರಿಗೂ ನೆಮ್ಮದಿ, ನಿಮಗೂ ನೆಮ್ಮದಿ.

ಈಗ ಎರಡನೆಯ ಅಂಗಡಿಯವರ ಮಾತು, ವಾಟ್ಸ್‌ಆ್ಯಪ್‌ನ ಐವತ್ತು ಜನ. ಹೌದು, ಕೆಲವರು ಹಂಚುತ್ತಾರೆ. ವಿಝರ್ಡ್ಸ್ ಆಫ್ ದಿ ಕೋಸ್ಟ್ 2009ರ ಏಪ್ರಿಲ್‌ನಲ್ಲಿ ಇದೇ ಕಾರಣ ಹೇಳಿ ತನ್ನ ಪಿಡಿಎಫ್ ಮಾರಾಟವನ್ನೆಲ್ಲ ಒಮ್ಮೆಲೇ ನಿಲ್ಲಿಸಿತು, ಕೆಲವರ ಮೇಲೆ ಮೊಕದ್ದಮೆ ಹೂಡಿತು. ಮಾರಾಟ ನಿಂತಾಗ ಪ್ರಾಮಾಣಿಕವಾಗಿ ಕೊಳ್ಳುವವರಿಗೆ ದಾರಿ ಮುಚ್ಚಿತು, ಕದಿಯುವವರಿಗೆ ಏನೂ ಆಗಲಿಲ್ಲ. 2013ರ ಜನವರಿಯಲ್ಲಿ ಕಂಪನಿ ಮತ್ತೆ ಮಾರಲು ಬಂತು. ಪಾಸ್‌ವರ್ಡ್, ಬೀಗ ಹಾಕಿದ ಫೈಲು, ಒಂದೇ ಮೊಬೈಲಿನಲ್ಲಿ ತೆರೆಯುವ ಕಟ್ಟುಪಾಡು ಇವೆಲ್ಲ ತೊಂದರೆ ಕೊಡುವುದು ಹಣ ಕೊಟ್ಟವರಿಗೇ. ಪ್ರತಿ ಪುಟದ ಅಡಿಯಲ್ಲಿ ಕೊಂಡವರ ಹೆಸರು ಸಣ್ಣಕ್ಷರದಲ್ಲಿ ಬರುವಂತೆ ಮಾಡಿದರೆ ಸಾಕು. ತನ್ನ ಹೆಸರಿರುವ ಫೈಲನ್ನು ಊರಿಗೆಲ್ಲ ಕಳಿಸಲು ಯಾರಾದರೂ ಒಮ್ಮೆ ಯೋಚಿಸುತ್ತಾರೆ. ಮತ್ತೆ, ಮೇಜಿನ ಸುತ್ತ ಕೂತ ಐವರಲ್ಲಿ ಒಬ್ಬನೇ ಕೊಂಡು ಉಳಿದವರಿಗೆ ತೋರಿಸಿದರೆ ಅದನ್ನು ಕಳ್ಳತನ ಎನ್ನಬೇಡಿ. ಈ ಆಟ ಬೆಳೆದದ್ದೇ ಹಾಗೆ. ಮುಂದಿನ ವರ್ಷ ಆ ನಾಲ್ವರಲ್ಲಿ ಒಬ್ಬರು ತಾವೇ ಕಥೆ ನಡೆಸಬೇಕೆಂದು ಹೊರಡುತ್ತಾರೆ, ಆಗ ಅವರಿಗೆ ಸ್ವಂತ ಪ್ರತಿ ಬೇಕಾಗುತ್ತದೆ.

ಯಾವ ಅಂಗಡಿ ಎಂಬುದನ್ನು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಕೋರಮಂಗಲ, ಇಂದಿರಾನಗರದ ಬೋರ್ಡ್‌ಗೇಮ್ ಕೆಫೆಗಳಲ್ಲಿ ಆಟದ ಮಾತೆಲ್ಲ ಇಂಗ್ಲಿಷ್. ಕೌಂಟರಿನಲ್ಲಿ ನಿಂತ ಹುಡುಗನಿಗೆ ಕನ್ನಡ ಓದಲು ಬರದಿರಬಹುದು. ಓದದ ಪುಸ್ತಕದ ಬಗ್ಗೆ ಆತ ಗಿರಾಕಿಗೆ ಏನು ಹೇಳಿಯಾನು? ಅವನಿಗಾಗಿ ಒಂದು ಪುಟದ ಇಂಗ್ಲಿಷ್ ಪರಿಚಯ ಬರೆದುಕೊಡಿ: ಆಟ ಯಾವುದರ ಬಗ್ಗೆ, ಎಷ್ಟು ಜನ, ಎಷ್ಟು ಹೊತ್ತು, ಯಾವ ದಾಳ ಬೇಕು. ಇನ್ನೊಂದೆಡೆ, ನಿಮ್ಮ ಓದುಗರಲ್ಲಿ ದೊಡ್ಡ ಪಾಲು ಬೋರ್ಡ್‌ಗೇಮ್ ಕೆಫೆಯ ಮೆಟ್ಟಿಲು ಹತ್ತಿದವರಲ್ಲ. ಅವರು ಗಾಂಧಿಬಜಾರಿನ ಅಂಕಿತ ಪುಸ್ತಕಕ್ಕೆ, ಗಾಂಧಿನಗರದ ಸಪ್ನಾಗೆ, ನವಕರ್ನಾಟಕದ ಮಳಿಗೆಗೆ ಹೋಗುವವರು. ಚರ್ಚ್‌ಸ್ಟ್ರೀಟಿನಲ್ಲಿ ಹಳೆಯ ಪುಸ್ತಕ ಕೆದಕುವವರು. ಚೌಕಾಬಾರ, ಅಳಗುಳಿಮಣೆ, ಹುಲಿಕುರಿ ಆಡಿದ ಮನೆಗಳಿಂದ ಬಂದವರಿಗೆ ಸುತ್ತ ಕೂತು ಆಡುವುದನ್ನು ಯಾರೂ ಕಲಿಸಬೇಕಿಲ್ಲ. ಹಾಗಾಗಿ ಮುದ್ರಿತ ಪ್ರತಿ ಪುಸ್ತಕದಂಗಡಿಗೆ, ಕಾರ್ಡ್ ಮತ್ತು ಆಟದ ಮೇಜು ಕೆಫೆಗೆ, ಎರಡರಲ್ಲೂ ಇನ್ನೊಂದರ ವಿಳಾಸ. ಈ ಎರಡು ಲೋಕವನ್ನು ಜೋಡಿಸುವ ಕೆಲಸ ಇನ್ನೂ ಯಾರದ್ದೂ ಆಗಿಲ್ಲ ಅನ್ನಿಸುತ್ತದೆ ನನಗೆ, ನಿಮ್ಮ ಪತ್ರ ಓದಿ ಉತ್ಸಾಹ ಬಂದದ್ದೂ ಅದಕ್ಕೇ.

ಮೇಜಿನ ವಿಷಯದಲ್ಲಿ ಧಾರಾಳವಾಗಿರಿ. ಕೆಫೆಯವರು ಗಂಟೆಗೆ ಇಷ್ಟೆಂದು ಮೇಜಿನ ಬಾಡಿಗೆಯಿಂದಲೇ ಬದುಕುತ್ತಾರೆ, ಪುಕ್ಕಟೆ ಜಾಗ ಕೇಳಬೇಡಿ. ತಿಂಗಳಿಗೆ ಒಂದು ಭಾನುವಾರ ಮಧ್ಯಾಹ್ನ, ನಿಮ್ಮಲ್ಲೊಬ್ಬರು ಕಥೆ ನಡೆಸುವುದಾಗಿ ಮಾತು ಕೊಡಿ, ಆಡುವವರು ಮೇಜಿನ ಹಣ ಕೆಫೆಗೆ ಕೊಡಲಿ. ಎರಡು ಗಂಟೆಯಲ್ಲಿ ಮುಗಿಯುವ ಸಾಹಸ, ಮೊದಲೇ ತುಂಬಿಟ್ಟ ಪಾತ್ರದ ಹಾಳೆಗಳು. ಆಟ ಮುಗಿದು ಎಲ್ಲರೂ ಇನ್ನೂ ಕೂತಲ್ಲೇ ಇರುವಾಗ ಕಾರ್ಡ್ ಅವರ ಕಣ್ಣಿಗೆ ಬೀಳಬೇಕು.

ಕೊನೆಗೆ ನಿಯಮಗಳ ಬುನಾದಿಯ ಮಾತು. ಐದನೆಯ ಆವೃತ್ತಿಯ ಮೂಲ ನಿಯಮಗಳ ದಾಖಲೆಯಾದ ಎಸ್‌ಆರ್‌ಡಿ 5.1 ಅನ್ನು ವಿಝರ್ಡ್ಸ್ ಕಂಪನಿ 2023ರ ಜನವರಿಯಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಡುಗಡೆ ಮಾಡಿದೆ. ಅದನ್ನು ಅನುವಾದಿಸಬಹುದು, ಬದಲಿಸಬಹುದು, ಮಾರಲೂಬಹುದು. ಮೂಲ ಯಾರದೆಂಬ ಕೃತಜ್ಞತೆಯ ಸಾಲನ್ನು ಅವರು ಹೇಳಿದ ರೀತಿಯಲ್ಲಿ ಹಾಕಬೇಕು ಮತ್ತು ನೀವು ಬದಲಾಯಿಸಿರುವುದನ್ನು ಸೂಚಿಸಬೇಕು, ಅಷ್ಟೇ. ಆದರೆ ಈ ಅನುಮತಿ ಆ ದಾಖಲೆಯಲ್ಲಿರುವುದಕ್ಕೆ ಮಾತ್ರ. ಕಂಪನಿಯ ಬೇರೆ ಪುಸ್ತಕಗಳಿಂದ ನಿಯಮ, ಪ್ರಾಣಿ, ಪಾತ್ರ ಯಾವುದನ್ನಾದರೂ ತಂದಿದ್ದರೆ ಈಗಲೇ ತೆಗೆಯಿರಿ. ಆ ಸಾಲು ಪುಸ್ತಕದಲ್ಲೂ ಪಿಡಿಎಫ್‌ನಲ್ಲೂ ಇಪಬ್‌ನಲ್ಲೂ ಇರಲಿ. ಪ್ರೆಸ್ಸಿಗೆ ಫೈಲು ಕಳಿಸುವ ಮುನ್ನ ಇದೊಂದನ್ನು ಮೂವರೂ ಕೂತು ಪುಟ ಪುಟವಾಗಿ ನೋಡಿ ಮುಗಿಸಿ.